ಹಳೇ ಯಂತ್ರಕ್ಕೊಂದು ತುತ್ತು

ನಮ್ಮ ತರಬೇತಿ ಕೇಂದ್ರದ ಮೂಲೆಯ ಕಂಪ್ಯೂಟರಿಗೆ ದಿನಾ ಬೆಳಿಗ್ಗೆ ಒಂದೇ ತಾರೀಖು. 2002ರ ಜನವರಿ 1. ಹಿಂದಿನ ಸಂಜೆ ನೀವು ಎಷ್ಟೇ ಅಕ್ಕರೆಯಿಂದ ಸರಿಪಡಿಸಿ ಹೋಗಿರಿ, ಮರುದಿನ ಬಂದು ಸ್ವಿಚ್ಚು ಹಾಕಿದರೆ ಅದು ಮತ್ತೆ ಹೊಸ ವರ್ಷದ ಶುಭಾಶಯ ಹೇಳಲು ತಯಾರಾಗಿ ಕೂತಿರುತ್ತದೆ. ಒಳಗೆ ಹಳೇ ನಾಲ್ಕಾಣೆಯಷ್ಟಗಲದ ಒಂದು ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಹೊಸ ಬ್ಯಾಟರಿ ತಂದು ಹಾಕಿದ್ದೂ ಆಯಿತು. ಅದು ಕೂರುವ ಗೂಡಿಗೇ ತುಕ್ಕು ಹಿಡಿದಿದೆ. ಜೋಯಿಡಾದ ಮಳೆಗಾಲ ಕಂಡವರಿಗೆ ತುಕ್ಕಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಬೆಳಿಗ್ಗೆ ಮೊದಲು ಬಂದ ಹುಡುಗಿ ಆ ಯಂತ್ರಕ್ಕೆ ಇವತ್ತು ಯಾವ ದಿನ ಎಂದು ಹೇಳಿಕೊಟ್ಟೇ ತನ್ನ ಪಾಠ ಶುರುಮಾಡುತ್ತಾಳೆ.

ಈ ತಾರೀಖು ಹೇಳಿಕೊಡುವ ಕೆಲಸ ನನಗೇನೂ ಹೊಸದಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಹಳಿಯಾಳದಲ್ಲಿ ಟೈಪಿಂಗ್ ಕ್ಲಾಸು ನಡೆಸಿ ಸಂಸಾರ ತೂಗಿಸಿದವಳು. ಟೈಪ್‌ರೈಟರಿನ ಕಾಲ ಮುಗಿದ ಮೇಲೆ, ಜೋಯಿಡಾ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳಿಗೆ ಹೊಲಿಗೆ ಮತ್ತು ಕಂಪ್ಯೂಟರು ಕಲಿಸುವ ಒಂದು ಸಣ್ಣ ಕೇಂದ್ರಕ್ಕೆ ವಾರಕ್ಕೆ ಮೂರು ದಿನ ಹೋಗತೊಡಗಿದೆ. ಹಳಿಯಾಳದಿಂದ ದಾಂಡೇಲಿ, ಅಲ್ಲಿಂದ ಜೋಯಿಡಾ, ಎರಡು ಬಸ್ಸು. 2008ರಲ್ಲಿ ಒಂದು ಕಚೇರಿಯವರು ತಮಗೆ ಬೇಡವಾದ ಐದು ಕಂಪ್ಯೂಟರುಗಳನ್ನು ನಮಗೆ ಕೊಟ್ಟರು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎನ್ನುತ್ತಾರಲ್ಲ, ನಾವೂ ಎಣಿಸಲಿಲ್ಲ. ಎಣಿಸಿದ್ದರೆ ಅವು ಆಗಲೇ ಮುದಿ ಎಂದು ತಿಳಿಯುತ್ತಿತ್ತು. ಆದರೆ ಹಳ್ಳಿಯಿಂದ ಮೂರು ಮೈಲಿ ನಡೆದು ಬರುವ ಹುಡುಗಿಗೆ ಅದು ಮುದಿಯೋ ಹರೆಯದ್ದೋ ಯಾಕೆ ಬೇಕು? ಅವಳ ಪಾಲಿಗೆ ಕಂಪ್ಯೂಟರು ಎಂದರೆ ಅದೊಂದೇ. ಹಳತು ಎನ್ನುವ ಮಾತು ಹುಟ್ಟಬೇಕಾದರೆ ಪಕ್ಕದಲ್ಲಿ ಹೊಸತೊಂದು ಇರಬೇಕು.

ಆರು ವರ್ಷ ಚೆನ್ನಾಗಿ ನಡೆದವು. 2014ರ ಏಪ್ರಿಲಿನಲ್ಲಿ, ಅವುಗಳೊಳಗಿದ್ದ ವಿಂಡೋಸ್ ಎಕ್ಸ್‌ಪಿಗೆ ಇನ್ನು ಮೇಲೆ ರಿಪೇರಿ ಇಲ್ಲ ಎಂದು ಜಗತ್ತಿಗೆಲ್ಲ ಸಾರಿದರು. ಯಂತ್ರ ಕೆಟ್ಟಿರಲಿಲ್ಲ ನೋಡಿ. ನಿನ್ನೆ ಓಡಿದ್ದು ಇವತ್ತೂ ಓಡುತ್ತಿತ್ತು. ನನ್ನ ಟೈಪ್‌ರೈಟರಿಗೆ ಇಂಥ ಪಾಡು ಬಂದದ್ದೇ ಇಲ್ಲ. ಅದಕ್ಕೆ ರಿಬ್ಬನ್ನು ಸಿಕ್ಕರೆ ಸಾಕು, ಯಾರ ಅಪ್ಪಣೆಯೂ ಬೇಡ. ಕಂಪ್ಯೂಟರಿನ ಜಾತಿ ಬೇರೆ. ಅದು ಹೊರಗಿನವರೊಡನೆ ಮಾತಾಡುತ್ತದೆ, ಹಾಗಾಗಿ ಹೊರಗಿನ ಕಳ್ಳರಿಗೂ ಬಾಗಿಲು ತೋರಿಸುತ್ತದೆ. ಬಾಗಿಲ ಅಗುಳಿ ಸಡಿಲವಾದಾಗಲೆಲ್ಲ ಬಿಗಿಮಾಡುವವರು ಯಾರಾದರೂ ಇರಬೇಕು. ಅವರು ಕೈಬಿಟ್ಟರೆ ಯಂತ್ರ ಗಟ್ಟಿಯಾಗಿದ್ದೂ ನಿರಾಧಾರ.

ನನ್ನ ತಂಗಿಯ ಮಗ ಆಗ ನಮ್ಮ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದ. ಬಂದು ನೋಡಿ ಹೇಳಿದ, "ಮೌಶಿ, ಡಬ್ಬಿ ಛಲೋ ಅದಾವ. ಒಳಗ ಕುಂತಾವಾ ಬ್ಯಾರೆ ಆಗಬೇಕು, ಅಷ್ಟ." ಎರಡು ರಾತ್ರಿ ಕೂತು ಐದಕ್ಕೂ ಲಿನಕ್ಸ್ ಹಾಕಿಕೊಟ್ಟ. ಪುಕ್ಕಟೆ. ಒಂದು ತಾಟು ಅವಲಕ್ಕಿ, ನಾಲ್ಕು ಕಪ್ಪು ಚಹಾ, ಅಷ್ಟೇ ನನ್ನ ಖರ್ಚು.

ಅವನ ಬಾಯಲ್ಲಿ ಕರ್ನೆಲ್ ಎಂಬ ಮಾತು ಆಗಾಗ ಬರುತ್ತಿತ್ತು. ಕನ್ನಡದಲ್ಲಿ ತಿರುಳು ಎನ್ನಬಹುದೇನೋ. ಹಾಗೆಂದರೇನೆಂದು ಮೂರು ಸಲ ಹೇಳಿಸಿಕೊಂಡೆ, ಮೂರನೆಯ ಸಲ ನನ್ನ ಭಾಷೆಗೆ ಇಳಿಸಿಕೊಂಡೆ. ತುಂಬಿದ ಮನೆಯ ಅಡುಗೆಕೋಣೆಯಲ್ಲಿ ಒಬ್ಬಳು ಹೆಂಗಸಿರುತ್ತಾಳೆ. ಪಡಸಾಲೆಯಲ್ಲಿ ಕೂತವರು "ಚಹಾ" ಎನ್ನುತ್ತಾರೆ. ಒಲೆ ಸೀಮೆಎಣ್ಣೆಯದೋ ಗ್ಯಾಸಿನದೋ, ಹಾಲು ಒಡೆದಿದೆಯೋ, ಯಾವ ಕಪ್ಪಿನ ಕಿವಿ ಮುರಿದಿದೆ, ಅವರಿಗೆ ಬೇಕಿಲ್ಲ. ಅದೆಲ್ಲ ಅವಳಿಗೆ ಗೊತ್ತಿರಬೇಕು. ನಾವು ಪರದೆಯ ಮೇಲೆ ಬಳಸುವ ತಂತ್ರಾಂಶಗಳು ಪಡಸಾಲೆಯ ಮಂದಿ. ಕೆಳಗಿನ ಚಿಪ್ಪು, ಡಿಸ್ಕು, ಪ್ರಿಂಟರು ಎಲ್ಲ ಒಲೆ-ಪಾತ್ರೆ. ನಡುವೆ ನಿಂತು ಎರಡನ್ನೂ ಸಂಭಾಳಿಸುವುದು ತಿರುಳು. ಒಂದೊಂದು ಸಾಮಾನಿನ ಸ್ವಭಾವ ಬಲ್ಲ ಒಂದೊಂದು ತುಣುಕಿಗೆ ಡ್ರೈವರ್ ಎನ್ನುತ್ತಾರೆ. (ಮೊದಲ ಸಲ ಕೇಳಿದಾಗ ನನ್ನ ಕಣ್ಣೆದುರು ಬಂದದ್ದು ಜೋಯಿಡಾ ಬಸ್ಸಿನ ಡ್ರೈವರೇ. ಆತನೂ ಆ ಬಸ್ಸಿನ ಗೇರಿನ ಮುನಿಸು ಬಲ್ಲವನು, ತೀರಾ ತಪ್ಪಲ್ಲ.)

ತುಂಬಿದ ಮನೆಯ ಸೊಸೆಯಾಗಿದ್ದವರಿಗೆ ಈ ಮುಂದಿನದು ತಟ್ಟನೆ ತಿಳಿದೀತು. ಮಾವನಿಗೆ ಉಪ್ಪು ಕಡಿಮೆ, ಭಾವನಿಗೆ ಬದನೆಕಾಯಿ ಆಗದು, ಸೋದರತ್ತೆಗೆ ಏಕಾದಶಿ, ಸಣ್ಣವನಿಗೆ ಖಾರ ತಾಗಬಾರದು. ಒಬ್ಬೊಬ್ಬರಿಗೆ ಒಂದೊಂದು ತೆಗೆದಿಡುವುದು ದೊಡ್ಡದಲ್ಲ. ಎಲ್ಲವನ್ನೂ ಸದಾ ನೆನಪಿನಲ್ಲಿಟ್ಟುಕೊಂಡೇ ಒಗ್ಗರಣೆ ಹಾಕಬೇಕಲ್ಲ, ಭಾರ ಅದು. ತಿರುಳು ಬರೆಯುವವರ ಪಾಡೂ ಅದೇ. ಹಳೆಯ ಯಂತ್ರವೊಂದನ್ನು ಮನೆಯಲ್ಲಿಟ್ಟುಕೊಂಡರೆ ಅದರ ತುಣುಕು ಒಂದು ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಹೊಸದಾಗಿ ಏನು ಮಾಡಹೊರಟರೂ "ಇದು ಆ ಮುದುಕನಿಗೆ ಆದೀತೇ" ಎಂದು ಕೇಳಿಕೊಳ್ಳಬೇಕು.

ಲೈನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, 1991ರಲ್ಲಿ, ಲಿನಕ್ಸ್ ಬರೆಯತೊಡಗಿದ್ದು ಇಂಟೆಲ್ ಕಂಪನಿಯ 386 ಎಂಬ ಚಿಪ್ಪಿನ ಯಂತ್ರದ ಮೇಲೆ, ಆ ಚಿಪ್ಪಿಗಾಗಿಯೇ. 386 ಬಂದದ್ದು 1985ರಲ್ಲಿ. ಅದಕ್ಕೊಂದು ಕೊರತೆಯಿತ್ತು. ನೆನಪಿನ ಒಂದು ಜಾಗವನ್ನು ನೋಡಿ, ಅಲ್ಲಿರುವುದು ಬೇರೆಯವರು ಮುಟ್ಟದ ಹಳೆಯ ಬೆಲೆಯೇ ಆಗಿದ್ದರೆ ಹೊಸದನ್ನು ಬರೆಯುವುದು, ಇಷ್ಟನ್ನೂ ಒಂದೇ ಉಸಿರಿನಲ್ಲಿ ಮಾಡುವ ಆಜ್ಞೆ ಅದಕ್ಕೆ ತಿಳಿದಿರಲಿಲ್ಲ. ನಂತರ ಬಂದ 486ಕ್ಕೆ ತಿಳಿದಿತ್ತು. ಇಬ್ಬರು ಸೊಸೆಯಂದಿರು ಒಂದೇ ಡಬ್ಬಿಗೆ ಏಕಕಾಲಕ್ಕೆ ಕೈಹಾಕಿದರೆ ಸಕ್ಕರೆ ಎರಡು ಸಲ ಬೀಳುವುದಿಲ್ಲವೇ, ಆ ತೊಂದರೆ ತಪ್ಪಿಸುವ ಆಜ್ಞೆ ಅದು. 386 ಒಂದರ ಸಲುವಾಗಿ ತಿರುಳಿನಲ್ಲಿ ಸುತ್ತುದಾರಿಗಳನ್ನು ಇಟ್ಟುಕೊಂಡೇ ಬರಬೇಕಾಗಿತ್ತು. 2012ರ ಡಿಸೆಂಬರಿನಲ್ಲಿ ಇಂಗೋ ಮೋಲ್ನಾರ್ ಅವರು ಇನ್ನು ಸಾಕು ಎಂದು ಅದನ್ನು ತೆಗೆದುಹಾಕುವ ತಿದ್ದುಪಡಿ ಕಳಿಸಿದರು. ಟೊರ್ವಾಲ್ಡ್ಸ್ ಒಪ್ಪಿದರು. ಮರುವರ್ಷ ಹೊರಬಂದ 3.8ನೆಯ ಆವೃತ್ತಿ, ಲಿನಕ್ಸ್ ಹುಟ್ಟಿದ ಆ ಬಗೆಯ ಯಂತ್ರದ ಮೇಲೆ ಓಡಲಾರದು.

ಇದನ್ನು ಕೇಳಿ ನಾನು ಹುಡುಗನಿಗೆ, "ತಾ ಹುಟ್ಟಿದ ಮನೀನ ಕೆಡವಿದನಲ್ಲೋ!" ಎಂದೆ. "ಕೆಡವಲಿಲ್ಲ ಮೌಶಿ, ಹೊಸ ಮನೀಗೆ ಅದರ ಕಂಬ ಒಯ್ಯಲಿಲ್ಲ, ಅಷ್ಟ" ಎಂದ. ಹಳೆಯ ಆವೃತ್ತಿಗಳು ಯಾರಿಗೆ ಬೇಕಾದರೂ ಇಂದಿಗೂ ಸಿಗುತ್ತವೆ ಎಂಬುದು ಅವನ ಸಮಾಧಾನ. ನನಗೆ ಅಷ್ಟು ಸಮಾಧಾನವಾಗಲಿಲ್ಲ. ಮುದುಕಿಯನ್ನು ಹಳೇ ಮನೆಯಲ್ಲೇ ಬಿಟ್ಟು, ಬೀಗದ ಕೈ ನಿನ್ನ ಹತ್ತಿರವೇ ಇದೆಯಲ್ಲ ಎಂದಂತಾಯಿತು.

ಹಾಗೆಂದು ತೆಗೆಯುವವರನ್ನು ಬೈದು ಮುಗಿಸುವ ವಿಷಯವೂ ಇದಲ್ಲ. 2015ರ ಮೇ ತಿಂಗಳಲ್ಲಿ ಒಂದು ಸಂಗತಿ ಬಯಲಾಯಿತು. ಒಂದು ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳಿರುವಂತೆ ನಟಿಸುವ ಕ್ಯೂಎಮು ಎಂಬ ತಂತ್ರಾಂಶವಿದೆ. ಅದರಲ್ಲಿ ಫ್ಲಾಪಿ ಡಿಸ್ಕನ್ನು ನಡೆಸುವ ಹಳೆಯ ತುಣುಕಿನಲ್ಲಿ ಒಂದು ತೂತು ಸಿಕ್ಕಿತು. ಒಂದು ಬಾಡಿಗೆ ಕೋಣೆಯಲ್ಲಿದ್ದವನು ಆ ತೂತಿನಿಂದ ಇಡೀ ಮನೆಯೊಳಗೆ ನುಗ್ಗಬಹುದಿತ್ತು. ತೂತು 2004ರಿಂದಲೂ ಅಲ್ಲೇ ಇತ್ತಂತೆ. ಫ್ಲಾಪಿಯನ್ನು ಯಾರೂ ಬಳಸುತ್ತಿರಲಿಲ್ಲ, ಹಾಗಾಗಿ ಯಾರೂ ನೋಡಿರಲಿಲ್ಲ. ಅಟ್ಟದ ಮೇಲಿನ ಕಿಟಕಿ ಮುರಿದಿದ್ದು ಕಳ್ಳ ಬಂದ ಮೇಲೆ ಗೊತ್ತಾಗುವ ಹಾಗೆ. ಪ್ರೀತಿಯಿಂದ ಇಟ್ಟುಕೊಂಡಿದ್ದೇವೆ ಎನ್ನುತ್ತೇವೆ, ಎಷ್ಟೋ ಸಲ ಎಸೆಯಲು ಸೋಮಾರಿತನ, ಅಷ್ಟೇ. ಇಟ್ಟುಕೊಳ್ಳುವುದು ಬೇರೆ, ನೋಡಿಕೊಳ್ಳುವುದು ಬೇರೆ.

ತಿರುಳಿನಲ್ಲಿ ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಒಂದು ಪಟ್ಟಿಯಿದೆ. ಒಂದೊಂದು ಭಾಗದ ಎದುರಿಗೆ ಅದರ ಸ್ಥಿತಿ ಬರೆದಿರುತ್ತಾರೆ: ಸಂಬಳ ಪಡೆದು ನೋಡಿಕೊಳ್ಳುವವರಿದ್ದಾರೆ, ಹಾಗೇ ನೋಡಿಕೊಳ್ಳುವವರಿದ್ದಾರೆ, ಪುರುಸೊತ್ತಾದಾಗ ನೋಡುತ್ತಾರೆ. ಯಾರೂ ಇಲ್ಲದಿದ್ದರೆ ಅನಾಥ ಎಂದೇ ಬರೆಯುತ್ತಾರೆ. ಇದನ್ನು ಕೇಳಿದ ದಿನ ಮನಸ್ಸು ಒಂದು ನಮೂನೆ ಆಯಿತು. ಯಂತ್ರದ ತುಣುಕಿಗೆ ಆ ಮಾತನ್ನು ಇಟ್ಟವನು ಯಾರೋ, ಅವನಿಗೂ ಅಮ್ಮನೋ ಅಜ್ಜಿಯೋ ಇದ್ದಿರಬೇಕು. 2019ರ ಬೇಸಿಗೆ ಕಳೆದ ಮೇಲೆ ತಿರುಳಿನ ಫ್ಲಾಪಿ ಡ್ರೈವರನ್ನು ಟೊರ್ವಾಲ್ಡ್ಸ್ ಈ ಅನಾಥರ ಸಾಲಿಗೆ ಸೇರಿಸಿದರು. ಪರೀಕ್ಷಿಸಿ ನೋಡಲು ಓಡುವ ಫ್ಲಾಪಿ ಯಂತ್ರವೇ ಸಿಗುವುದು ಕಷ್ಟವಾಗಿತ್ತು. ಆಮೇಲೆ ಡೆನಿಸ್ ಎಫ್ರೆಮೊವ್ ಎಂಬುವರು ನಾನು ನೋಡಿಕೊಳ್ಳುತ್ತೇನೆ ಎಂದು ಮುಂದೆ ಬಂದರು. ಅನಾಥ ಎಂಬ ಮಾತು ಅಳಿಸಿಹೋಯಿತು.

ಇನ್ನೂ ಒಂದು ಸಂಗತಿ ನನಗೆ ಬಹಳ ದಿನ ತಲೆಯಲ್ಲಿ ಸುಳಿಯಿತು. ಇಂಟೆಲ್ಲಿನವರದೇ ಇಟಾನಿಯಂ ಎಂಬ ಚಿಪ್ಪು 2001ರಲ್ಲಿ ಭಾರೀ ನಿರೀಕ್ಷೆಯೊಡನೆ ಬಂದು, 2021ರವರೆಗೂ ಗಿರಾಕಿಗಳಿಗೆ ರವಾನೆಯಾಗುತ್ತಿತ್ತು. 2024ರ ಜನವರಿಯಲ್ಲಿ ಹೊರಬಂದ ಲಿನಕ್ಸಿನಲ್ಲಿ ಅದಕ್ಕೆ ಜಾಗವಿಲ್ಲ. ಅದಕ್ಕಿಂತ ಎಷ್ಟೋ ಹಿರಿಯ, 1980ರ ದಶಕದ ಮೊಟೊರೊಲಾ ಚಿಪ್ಪುಗಳಿಗೆ ಮಾತ್ರ ಜಾಗ ಉಳಿಯಿತು. ಯಾಕೆಂದರೆ ಅವನ್ನು ಬಿಡದೆ ಹಿಡಿದುಕೊಂಡ ಒಂದು ಹಿಡಿಯಷ್ಟು ಹವ್ಯಾಸಿಗಳಿದ್ದರು. ಹಾಗಾದರೆ ವಯಸ್ಸಿನಿಂದ ಯಾರೂ ಹಳಬರಾಗುವುದಿಲ್ಲ, ದಿಕ್ಕು ತಪ್ಪಿದಾಗ ಆಗುತ್ತಾರೆ. ಕೇಳಲು ಚಂದವೇ. ಆದರೆ ದಿಕ್ಕು ಇರುವುದು ಬಿಡುವುದು ನ್ಯಾಯದ ಮಾತೇ? ಮೊಟೊರೊಲಾ ಚಿಪ್ಪಿನ ಹವ್ಯಾಸಿಗೆ ಓದು ಇದೆ, ರಜೆ ಇದೆ, ಪತ್ರ ಬರೆಯಲು ಇಂಗ್ಲಿಷ್ ಇದೆ. ಒಂದು ಯಂತ್ರವನ್ನು ಕೈಬಿಡುವ ಮುಂಚೆ "ಇದನ್ನು ಯಾರಾದರೂ ಇನ್ನೂ ಬಳಸುತ್ತಿದ್ದೀರಾ" ಎಂದು ಕೇಳುವ ರೂಢಿ ಆ ಜನರಲ್ಲಿದೆ, ಒಳ್ಳೆಯ ರೂಢಿಯೇ. ಉತ್ತರ ಬಾರದಿದ್ದರೆ ಇಲ್ಲವೆಂದು ತಿಳಿಯುತ್ತಾರೆ. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಅಲ್ಲಿ ಅತಿ ಹಳೆಯ ಯಂತ್ರವಿಟ್ಟುಕೊಂಡು ಕೂತ ಹುಡುಗಿಗೆ ಆ ಪ್ರಶ್ನೆ ತಲುಪುವ ದಾರಿ ಯಾವುದು?

ಈ ಸುಮ್ಮನಿರುವವರ ಲೆಕ್ಕ ನಮ್ಮ ಸೀಮೆಗೆ ಚೆನ್ನಾಗಿ ಗೊತ್ತು. ಜೋಯಿಡಾವನ್ನು ಹಳಬರು ಈಗಲೂ ಸೂಪಾ ತಾಲೂಕು ಎನ್ನುತ್ತಾರೆ. ಕಾಳಿ, ಪಾಂಢರಿ ನದಿಗಳು ಸೇರುವಲ್ಲಿದ್ದ ಆ ಸೂಪಾ ಊರು ಗಣೇಶಗುಡಿಯ ಅಣೆಕಟ್ಟಿನ ಹಿನ್ನೀರಿನೊಳಗೆ ಹೋಯಿತು. ಅಣೆಕಟ್ಟು ಪೂರ್ಣವಾದದ್ದು 1987ರಲ್ಲಿ, 101 ಮೀಟರ್ ಎತ್ತರ. ಊರು ಬಿಟ್ಟವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಯಾದರು. ಅಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳಲಾರೆ. ನನ್ನ ಮನೆಯ ಮಿಕ್ಸರು ತಿರುಗುವುದೂ ಎಲ್ಲಿಂದಲೋ ಬಂದ ಕರೆಂಟಿನಿಂದಲೇ.

ನನ್ನ ಅತ್ತೆ ಸೂಪಾದವರು. ಕೊಂಕಣಿ, ಮರಾಠಿ, ಕನ್ನಡ ಮೂರೂ ಬೆರೆತ ಮಾತು. ಕಡೆಯ ನಾಲ್ಕು ವರ್ಷ ಅವರ ನೆನಪಿನ ಗೂಡಿಗೆ ತುಕ್ಕು ಹಿಡಿದಿತ್ತು. ಬೆಳಿಗ್ಗೆ ಎದ್ದ ಕೂಡಲೇ ಸೀರೆ ಸರಿಮಾಡಿಕೊಂಡು, ಕೈಚೀಲ ಹಿಡಿದು, "ಸೂಪಾ ಬಸ್ಸು ಬಂತೇನ?" ಎನ್ನುತ್ತಿದ್ದರು. ನನ್ನ ಯಜಮಾನರು ನೇರ ಮನುಷ್ಯ. "ಅವ್ವಾ, ಸೂಪಾ ಮುಳುಗಿ ಎಷ್ಟ ವರ್ಷಾತು" ಎಂದುಬಿಡುತ್ತಿದ್ದರು. ಆ ಮುದುಕಿಗೆ ಅದು ಪ್ರತಿದಿನವೂ ಹೊಸ ಸುದ್ದಿ. ಪ್ರತಿದಿನವೂ ಅತ್ತರು. ಒಂದು ವಾರ ನೋಡಿ, ಎಂಟನೆಯ ದಿನ ನಾನೇ ಮುಂದಾಗಿ, "ಇನ್ನ ಬಂದಿಲ್ರಿ ಅತ್ತಿ, ಚಹಾ ಕುಡೀರಿ, ಬರತದ" ಎಂದೆ. ಚಹಾ ಕುಡಿದರು. ಕುಡಿಯುವಷ್ಟರಲ್ಲಿ ಬಸ್ಸು ಮರೆತಿತ್ತು.

ಅದು ಸುಳ್ಳು. ನಾಲ್ಕು ವರ್ಷ ದಿನಕ್ಕೊಂದರಂತೆ ಹೇಳಿದೆ. ಸುಳ್ಳು ಹೇಳುವುದು ತಪ್ಪೆಂದು ಮಕ್ಕಳಿಗೆ ಕಲಿಸಿದ ನಾಲಿಗೆಯೇ ಇದು. ಯಜಮಾನರಿಗೂ ನನಗೂ ಈ ವಿಷಯದಲ್ಲಿ ಮಾತು ಬೆಳೆದದ್ದುಂಟು. ತಾಯಿಗೆ ನಿಜ ಹೇಳದಿರುವುದು ಅವರಿಗೆ ಅಗೌರವ ಎನ್ನುವುದು ಅವರ ವಾದ. ನಿಜವನ್ನು ಹಿಡಿದಿಟ್ಟುಕೊಳ್ಳಲು ಕೈಯೇ ಇಲ್ಲದವರಿಗೆ ಅದನ್ನು ಕೊಟ್ಟು ಕೆಳಗೆ ಬೀಳಿಸುವುದು ಎಂಥ ಗೌರವ ಎಂದು ನಾನು.

ಈ ಜಗಳಕ್ಕೆ ಅತ್ಯಂತ ವಿಚಿತ್ರ ಕಡೆಯಿಂದ ಒಂದು ಸಾಕ್ಷಿ ಸಿಕ್ಕಿತು. 486 ಚಿಪ್ಪಿನಲ್ಲೇ ಅಗ್ಗದ ಒಂದು ಬಗೆ ಇತ್ತು, ದಶಾಂಶದ ಲೆಕ್ಕ ಮಾಡುವ ಅಂಗ ಅದರಲ್ಲಿ ಕೆಲಸ ಮಾಡುತ್ತಿರಲಿಲ್ಲ. ಆ ಅಂಗ ಇದೆಯೆಂದೇ ನಂಬಿ ಒಂದು ತಂತ್ರಾಂಶ ಲೆಕ್ಕ ಕೇಳಿತು ಎನ್ನಿ. ಆಗ ತಿರುಳು "ನಿನಗೆ ಆ ಅಂಗವಿಲ್ಲ" ಎಂದು ಅದನ್ನು ಸಾಯಿಸುವುದಿಲ್ಲ. ಮರೆಯಲ್ಲಿ ತಾನೇ ನಿಧಾನವಾಗಿ ಕೂಡಿ ಕಳೆದು ಉತ್ತರ ತಂದು, ಅಂಗವೇ ಕೊಟ್ಟಿತೆಂಬಂತೆ ಕೈಗಿಡುತ್ತದೆ. ಕೇಳಿದವರಿಗೆ ಗೊತ್ತೇ ಆಗುವುದಿಲ್ಲ. ಸ್ವಲ್ಪ ತಡವಾಯಿತು ಅನ್ನಿಸಬಹುದು. ಇದನ್ನು ಎಮ್ಯುಲೇಶನ್ ಎನ್ನುತ್ತಾರೆ. ಇದಕ್ಕೆ ಸುಳ್ಳು ಎಂದು ಯಾರೂ ಹೆಸರಿಟ್ಟಿಲ್ಲ. ಉತ್ತರ ಸರಿಯಾಗಿಯೇ ಇರುತ್ತದಲ್ಲ, ನಿನ್ನ ಬಸ್ಸು ಬಂತೇ ಎಂದು ಯಜಮಾನರು ಕೇಳಿದರು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

2025ರ ಏಪ್ರಿಲಿನಲ್ಲಿ ಮೋಲ್ನಾರ್ ಅವರೇ 486ನ್ನೂ, ಅದರೊಡನೆ ಈ ಮರೆಯ ಲೆಕ್ಕವನ್ನೂ ತೆಗೆಯುವ ಪ್ರಸ್ತಾಪ ಕಳಿಸಿದರು. ಅದನ್ನು ಓದಿ ಹೇಳಿದ ದಿನ ಹುಡುಗ ಇನ್ನೊಂದನ್ನೂ ಹೇಳಿದ. ನಮ್ಮ ಯಂತ್ರಗಳೊಳಗೆ ಅವನು ಕೂರಿಸಿದ್ದು ಡೆಬಿಯನ್ ಎಂಬ ಲಿನಕ್ಸ್. ನಮ್ಮವು 32 ಬಿಟ್ಟಿನವು. ಆ ವರ್ಷದ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ಟಿನ ಪಿಸಿಗೆ ತಿರುಳೂ ಇಲ್ಲ, ಹೊಸದಾಗಿ ಹಾಕಿಕೊಳ್ಳುವ ಸೌಕರ್ಯವೂ ಇಲ್ಲ. ಲಿನಕ್ಸ್ ತಿರುಳು ಇನ್ನೂ ಅವನ್ನು ಬಿಟ್ಟಿರಲಿಲ್ಲ, ಅದನ್ನು ಕಟ್ಟಿ ಮನೆಗೆ ಮುಟ್ಟಿಸುವವರು ಬಿಟ್ಟರು. ಅದೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ರಿಪೇರಿಯೂ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಯಂತ್ರದೊಳಗೆ ಭದ್ರತೆಯ ಒಂದು ಹೊಸ ಬಗೆಯ ಅಂಗ, ಇಂಟೆಲ್ಲಾದರೆ ಎಂಟನೆಯ ತಲೆಮಾರಿನ ಚಿಪ್ಪು ಇರಬೇಕು. ನಮ್ಮ ಕೇಂದ್ರದ್ದೇ ದೊಡ್ಡ ದುಃಖ ಎಂದುಕೊಂಡಿದ್ದೆ, ಬಂಧುಬಳಗ ಬಹಳ ದೊಡ್ಡದಿತ್ತು.

ನಾನು ಮಾಡಿದ್ದೇನು ಗೊತ್ತೇ? ಹುಡುಗನಿಗೆ ಫೋನು ಹಚ್ಚಿದೆ. ಅವನೀಗ ಹುಬ್ಬಳ್ಳಿಯಲ್ಲಿ ನೌಕರಿಗಿದ್ದಾನೆ. "ಏನರೆ ಮಾಡೋ" ಎಂದೆ. ಅವನು ಪಾಪ, ತಾನೇ ತಿರುಳು ಕಟ್ಟಿಕೊಡುತ್ತೇನೆ ಎಂದು ರಾತ್ರಿ ಕೂರತೊಡಗಿದ. ಕಟ್ಟಿ ಪೆನ್ ಡ್ರೈವಿನಲ್ಲಿ ತರುವುದು, ಯಂತ್ರ ಏಳುವುದಿಲ್ಲ, ಮತ್ತೆ ಹುಬ್ಬಳ್ಳಿ, ಮತ್ತೆ ಭಾನುವಾರ. ಎರಡು ತಿಂಗಳು ಹೀಗೆ. ದೀಪಾವಳಿಗೆ ಬಂದ ತಂಗಿ ಅಡುಗೆಮನೆಯಲ್ಲಿ ಕರಜಿಕಾಯಿ ಮಡಿಸುತ್ತ, ತಲೆ ಎತ್ತದೆ ಹೇಳಿದಳು. "ಅಕ್ಕಾ, ನಿನ್ನ ಡಬ್ಬಿಗೋಳ ಸಲುವಾಗಿ ನನ್ನ ಮಗಾ ರಾತ್ರಿ ಎರಡಕ್ಕ ಮಲಗತಾನ. ಮುಂಜಾನೆ ಎಂಟಕ್ಕ ಕೆಲಸ. ಅವನ ಕಣ್ಣ ನೋಡೀಯೇನ? ಹನ್ನೊಂದ ವರ್ಷಾತು, ನೀ ಅವಗ ಏನ ಕೊಟ್ಟಿ?"

ಅವಲಕ್ಕಿ ಎನ್ನಲು ಬಾಯಿ ಬರಲಿಲ್ಲ.

ಹಳತನ್ನು ಬಿಡಬಾರದು, ಬಡ ಹುಡುಗಿಯರ ಯಂತ್ರವನ್ನು ಕೈಬಿಡುವುದು ಅನ್ಯಾಯ ಎಂದು ದೊಡ್ಡ ಮಾತಾಡಿದವಳು ನಾನು. ಹೊತ್ತವನು ಅವನು. ನನ್ನ ಜೀವಮಾನವಿಡೀ, ಉಪ್ಪು ಕಡಿಮೆ ಮಾಡು ಎಂದು ಪಡಸಾಲೆಯಿಂದ ಕೂಗುವವರ ಮೇಲೆ ಒಳಗೊಳಗೇ ಸಿಡುಕಿದವಳು, ಅದೇ ಪಡಸಾಲೆಯಲ್ಲಿ ಕೂತುಬಿಟ್ಟಿದ್ದೆ. ಜಗತ್ತಿನ ಎಲ್ಲೆಲ್ಲೋ ಕೂತು ತಿರುಳಿನ ಹಳೇ ತುಣುಕು ಕಾಯುವವರಲ್ಲೂ ಸಂಬಳವಿಲ್ಲದೆ ರಾತ್ರಿ ಕೂರುವವರು ಇದ್ದಾರೆ. ಅವರು ಸಾಕೆಂದಾಗ ಅವರನ್ನು ನಿರ್ದಯಿಗಳು ಎಂದಿದ್ದೆ. ಅವರಿಗೂ ಒಬ್ಬ ಅಮ್ಮ ಕಣ್ಣು ನೋಡೀಯೇನ ಎಂದು ಕೇಳಿರಬಹುದು.

ಒಂದು ವಾರ ಕೇಂದ್ರಕ್ಕೆ ಹೋದರೂ ಯಂತ್ರದ ಕಡೆ ನೋಡಲಿಲ್ಲ. ಹೊಲಿಗೆಯ ಕಡೆ ಕೂತೆ. ಹಳಿಯಾಳ ತಾಲೂಕಿನ ಸಿದ್ದಿ ಸಮುದಾಯದ ಒಬ್ಬ ಹಿರಿಯಳು ಅಲ್ಲಿ ಹುಡುಗಿಯರಿಗೆ ಕವಂದಿ ಹೊಲಿಯುವುದನ್ನು ತೋರಿಸುತ್ತಿದ್ದಳು. ನಾವು ಕೌದಿ ಎನ್ನುತ್ತೇವಲ್ಲ, ಅದರ ಬಳಗದ್ದೇ. ಹರಿದ ಸೀರೆ, ಅಂಗಿ, ಲಂಗದ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಫೂಲ. ತಿರುಳಿನವರೂ ತಮ್ಮ ತಿದ್ದುಪಡಿಗೆ ಪ್ಯಾಚ್ ಎಂದೇ ಹೇಳುತ್ತಾರೆ, ತೇಪೆ. ನಾನು ಗಂಟಿನಿಂದ ಒಂದು ಹಳೇ ವಾಯಲ್ ಸೀರೆಯ ತುಂಡು ತೆಗೆದುಕೊಟ್ಟೆ, ಬಣ್ಣ ಬಹಳ ಚಂದವಿತ್ತು. ಆಕೆ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ ಪಕ್ಕಕ್ಕಿಟ್ಟಳು. "ಇದು ಸೂಜಿ ತಡಿಯೂದಿಲ್ಲ ಬಾಯಿ. ಹಾಕಿದ್ರ ಬಾಜೂದ್ದನ್ನೂ ಹರೀತದ."

ಅಷ್ಟು ತುಂಡುಗಳನ್ನು ಉಳಿಸಿದ ಕೈ ಅದು. ಒಂದನ್ನು ಬೇಡವೆಂದದ್ದಕ್ಕೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಮುಂದಿನ ಭಾನುವಾರ ಹುಡುಗನನ್ನು ಕರೆಸಿದೆ, ಯಂತ್ರ ಎಬ್ಬಿಸಲು ಅಲ್ಲ. ಐದರಲ್ಲಿ ಮೂರನ್ನು ಬಿಚ್ಚಿಸಿದೆ. ಅವುಗಳ ಮೆಮೊರಿ, ಪವರ್ ಸಪ್ಲೈ, ಕೀಬೋರ್ಡು ತೆಗೆದಿಟ್ಟುಕೊಂಡೆವು. ಉಳಿದ ಎರಡರಲ್ಲಿ ಹಳೆಯ ಆವೃತ್ತಿಯೇ ಇರಲಿ, ಇಂಟರ್ನೆಟ್ಟಿಗೆ ಜೋಡಿಸುವುದು ಬೇಡ, ಬರೀ ಟೈಪಿಂಗು ಕಲಿಯಲು ಸಾಕು. ಅರ್ಜಿ ತುಂಬಲು, ಬ್ಯಾಂಕಿನ ಕೆಲಸಕ್ಕೆ ನಾಲ್ಕು ಜನರಿಂದ ಹಣ ಕೂಡಿಸಿ ಒಂದು ಬಳಸಿದ ಲ್ಯಾಪ್‌ಟಾಪು ಕೊಂಡೆವು. ಆ ದಿನದ ಕೆಲಸಕ್ಕೆ ಹುಡುಗನ ಕೈಗೆ ದುಡ್ಡಿಟ್ಟೆ. ಅವನು "ಏನ ಮೌಶಿ ಇದು" ಎಂದು ಸಿಟ್ಟಾದ. ಇಟ್ಟುಕೊಳ್ಳಲೇಬೇಕೆಂದೆ. ಅವನ ಅಮ್ಮನಿಗೆ ಫೋನು ಮಾಡಿ ಹೇಳಿದ್ದೂ ಆಯಿತು. ಆಮೇಲೆ, ತಿರುಳು ಹೇಗೆ ಕೂರಿಸುವುದೆಂದು ನನಗೇ ಕಲಿಸು ಎಂದೆ. ಅರವತ್ತಮೂರಕ್ಕೆ ಕಲಿಯುತ್ತಿದ್ದೇನೆ. ಮೊದಲ ಸಲ ಡಿಸ್ಕು ಪೂರ್ತಿ ಅಳಿಸಿಬಿಟ್ಟೆ.

ಅದೃಷ್ಟಕ್ಕೆ ಅದು ಆ ಡಿಸ್ಕಲ್ಲ. ಬಿಚ್ಚಿದ ಮೂರರಲ್ಲಿ ಒಂದರೊಳಗೆ ನಾನು 2009ರಿಂದ ಎರಡು ವರ್ಷ ಕೂತು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಒಂದು ಕಡತವಿತ್ತು. ಅತ್ತೆಯೂ ಅವರ ಜೊತೆಯ ಸೂಪಾದ ಹೆಂಗಸರೂ ಹೇಳಿದ್ದು: ಯಾವ ಹೊಲಕ್ಕೆ ಏನು ಹೆಸರು, ಯಾರ ಹಿತ್ತಲಲ್ಲಿ ಯಾವ ಹಲಸು, ಬಾವಿಯಿಂದ ದೇವಸ್ಥಾನಕ್ಕೆ ಎಷ್ಟು ಮೆಟ್ಟಿಲು. ನೀರಿನ ಕೆಳಗಿನ ಊರಿಗೆ ನನಗೆ ಗೊತ್ತಿರುವ ನಕ್ಷೆ ಅದೊಂದೇ. ಹಳೆಯ ನುಡಿಯ ಅಕ್ಷರಗಳ ಒಳಗುಟ್ಟು ಈಗಿನ ಯೂನಿಕೋಡಿನದಲ್ಲ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಗ ಪರಿವರ್ತಕದಿಂದ ತಿರುಗಿಸಿಕೊಟ್ಟ. ಅಲ್ಲಲ್ಲಿ ಒತ್ತಕ್ಷರ ಜಾರಿದ್ದವು, ಅವನ್ನು ನಾನು ಒಂದೊಂದಾಗಿ ಕೂರಿಸಿದೆ. ಕೆಲವು ಹೊಲದ ಹೆಸರುಗಳಲ್ಲಿ ಯಾವುದು ಸರಿ ಎಂದು ಕೇಳಲು ಅತ್ತೆ ಇರಲಿಲ್ಲ. ಅಂಥವನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸಿದೆ. ದಾಂಡೇಲಿಯ ಮಿಲ್ಲಿನದೇ ಕಾಗದ ಬೇಕೆಂದು ಅಂಗಡಿಯವನಿಗೆ ತಾಕೀತು ಮಾಡಿ ತಂದದ್ದು. 1959ರಿಂದ ಕಾಳಿಯ ದಂಡೆಯಲ್ಲಿ ಕಾಗದ ಮಾಡುತ್ತಿದ್ದಾರೆ, ಸೂಪಾದ ಹೆಸರುಗಳು ಅದರ ಮೇಲಿದ್ದರೆ ಸರಿ ಅನ್ನಿಸಿತು. ಹಿಂದೊಮ್ಮೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋಗಿದ್ದೆ. ಅವರು ಅಲ್ಲಿ ನೆಲೆಯೂರಿದ್ದು 1966ರಲ್ಲಿ. ಮಠದಲ್ಲಿ ಉದ್ದುದ್ದ ಹಾಳೆಯ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟದ್ದು ಕಂಡು, ಇದಕ್ಕೆ ಯಾವ ತಿರುಳೂ ಬೇಡ, ಕಣ್ಣಿದ್ದರೆ ಸಾಕು ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಅದನ್ನು ಓದಬಲ್ಲ ಒಬ್ಬ ಹುಡುಗನನ್ನು ತಯಾರುಮಾಡಲು ಅವರು ವರ್ಷಗಟ್ಟಲೆ ಕೂರಿಸಿ ಕಲಿಸುತ್ತಾರೆ. ಕಾಗದಕ್ಕೂ ಕಾಯುವವರು ಬೇಕೇ ಬೇಕು, ಅವರು ಕಪಾಟಿನೊಳಗೆ ಕಾಣುವುದಿಲ್ಲ ಅಷ್ಟೇ.

ಉಳಿಸಿಕೊಂಡ ಎರಡು ಯಂತ್ರಗಳಲ್ಲಿ ಒಂದು, ಮೊದಲೇ ಹೇಳಿದ ಆ ಜನವರಿ ಒಂದರದು. ಇಂಟರ್ನೆಟ್ಟು ಇದ್ದಾಗ ಅದು ತಾರೀಖನ್ನು ಹೊರಗಿನಿಂದ ಕೇಳಿ ತಿದ್ದಿಕೊಳ್ಳುತ್ತಿತ್ತು, ಆ ದಾರಿಯನ್ನು ನಾವೇ ಕಿತ್ತೆವು. ಕಳೆದ ವಾರ ನಾನು ಹೋದಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದರ ಮುಂದೆ ಕೂತಿದ್ದಳು. 2002 ಎಂದು ನೋಡಿ ಗಾಬರಿಯಾಗಿದ್ದಳು. ಆ ವರ್ಷ ಅವಳು ಹುಟ್ಟಿರಲಿಲ್ಲ.

"ಬಾಯಿ, ಇದಕ್ಕ ಏನಾಗೇತಿ?" ಎಂದು ಕೇಳಿದಳು.

"ಏನೂ ಆಗಿಲ್ಲ" ಎಂದೆ. "ಇವತ್ತ ಯಾವ ದಿನ ಅಂತ ಹೇಳು ಅದಕ್ಕ."

ಅವಳು ಗೋಡೆಯ ಕ್ಯಾಲೆಂಡರ್ ನೋಡಿ, ಒಂದೊಂದೇ ಅಂಕಿಯನ್ನು ಹುಡುಕಿ ಹುಡುಕಿ ಒತ್ತಿದಳು.